ನಾಡಿನ ಹಾಡನ್ನ ಆರಿಸೋರು ಯಾರು ಸ್ವಾಮಿ?

1956ರ ಮೇ 24. ಸ್ವಿಟ್ಜರ್‌ಲೆಂಡಿನ ಲುಗಾನೊ ಅನ್ನೋ ಊರು. ಯುರೋಪಿನ ಏಳು ದೇಶಗಳು ತಲಾ ಎರಡು ಹಾಡು ತಗೊಂಡು ಅಲ್ಲಿ ಸೇರಿದವು. ಯಾವ ದೇಶದ ಹಾಡು ಮೇಲು ಅಂತ ತೀರ್ಮಾನ ಮಾಡೋ ಸ್ಪರ್ಧೆ, ಹೆಸರು ಯುರೋವಿಷನ್. ಗೆದ್ದದ್ದು ಯಾರು? ಆತಿಥ್ಯ ವಹಿಸಿದ್ದ ಸ್ವಿಟ್ಜರ್‌ಲೆಂಡೇ. ಯಾರಿಗೆ ಎಷ್ಟು ಅಂಕ ಬಂತು ಅಂತ ಕೇಳಿದರೆ ಇವತ್ತಿನವರೆಗೂ ಉತ್ತರ ಇಲ್ಲ. ತೀರ್ಪುಗಾರರು ಬಾಗಿಲು ಹಾಕಿಕೊಂಡು ಕೂತು ಅಂಕ ಕೊಟ್ಟರು, ಆ ಪಟ್ಟಿ ಹೊರಗೆ ಬರಲೇ ಇಲ್ಲ.

ಅದೇ 1956ರ ನವೆಂಬರ್ 1. ಬಾಂಬೆ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದು ರಾಜ್ಯದ ಕೆಳಗೆ ಬಂದರು. ಅವತ್ತು ನಮ್ಮ ಕೈಲೂ ಒಂದು ಹಾಡಿತ್ತು. ಅದನ್ನ ಆರಿಸೋಕೆ ಯಾವ ತೀರ್ಪುಗಾರರೂ ಕೂತಿರಲಿಲ್ಲ. 32 ವರ್ಷ ಜನ ಹಾಡಿ ಹಾಡಿ ಉಳಿಸಿಕೊಂಡ ಹಾಡು ಅದು. ಆಮೇಲೆ ನಮಗೂ ಸಮಿತಿಗಳು ಬಂದವು, ಆದೇಶಗಳು ಬಂದವು, ಕೋರ್ಟ್ ಕೇಸೂ ಬಂತು. ಆ ಕಥೆಯನ್ನೇ ಇವತ್ತು ಹೇಳ್ತೀನಿ. ಹೇಳೋಕೆ ಬೆಂಗಳೂರಲ್ಲಿ ನಿಂತರೆ ಆಗಲ್ಲ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕು ಸುತ್ತಿ ಬರಬೇಕು. ಯಾಕೆ ಅಂತ ಹೋಗ್ತಾ ಹೋಗ್ತಾ ನಿಮಗೇ ಗೊತ್ತಾಗುತ್ತೆ.

ಮೊದಲು ದೇಶದ ಮಾತು ಮುಗಿಸಿಬಿಡೋಣ. ಅಲ್ಲೊಂದು ಸ್ವಾರಸ್ಯ ಇದೆ.

1947. ಸ್ವಾತಂತ್ರ್ಯ ಬಂದು ಕೆಲವೇ ತಿಂಗಳು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ. ಒಂದು ಸಮಾರಂಭಕ್ಕೆ ನಮ್ಮ ನಿಯೋಗವನ್ನ ಕೇಳಿದರು, ನಿಮ್ಮ ರಾಷ್ಟ್ರಗೀತೆ ಕೊಡಿ, ನಮ್ಮ ವಾದ್ಯವೃಂದದವರು ನುಡಿಸಬೇಕು ಅಂತ. ನಮ್ಮ ಹತ್ರ ರಾಷ್ಟ್ರಗೀತೆಯೇ ಇರಲಿಲ್ಲ! ಸಂವಿಧಾನ ಇನ್ನೂ ಬರೀತಾ ಇದ್ದೀವಿ, ಹಾಡಿಗೆ ಎಲ್ಲಿ ಪುರುಸೊತ್ತು? ನಿಯೋಗದವರ ಹತ್ರ ‘ಜನಗಣಮನ’ದ ಒಂದು ಗ್ರಾಮಫೋನ್ ಪ್ಲೇಟ್ ಇತ್ತು. ಅದನ್ನೇ ಕೊಟ್ಟರು. ಅವರು ಕೇಳಿ, ಅಭ್ಯಾಸ ಮಾಡಿ, ನುಡಿಸಿದರು. ಸಭೆಯಲ್ಲಿದ್ದವರು ತಲೆದೂಗಿದರು, ಸ್ವರಲಿಪಿ ಕೊಡಿ ಅಂತ ಬೇರೆ ದೇಶದವರು ಕೇಳೋಕೆ ಶುರು ಮಾಡಿದರು. 1948ರ ಆಗಸ್ಟ್‌ನಲ್ಲಿ ಈ ಪ್ರಸಂಗವನ್ನ ಸಭೆಯ ಮುಂದೆ ಹೇಳಿದವರು ಸ್ವತಃ ನೆಹರೂ. ಪ್ರಾಂತ್ಯಗಳ ಗವರ್ನರ್‌ಗಳನ್ನ ಕೇಳಿದ್ವಿ, ಒಬ್ಬರು ಬಿಟ್ಟು ಎಲ್ಲರೂ ಒಪ್ಪಿದರು ಅಂತಲೂ ಹೇಳಿದರು. ಕೊನೆಗೆ 1950ರ ಜನವರಿ 24ರಂದು ರಾಜೇಂದ್ರ ಪ್ರಸಾದ್ ಒಂದು ಹೇಳಿಕೆ ಓದಿದರು. ಜನಗಣಮನ ರಾಷ್ಟ್ರಗೀತೆ, ವಂದೇ ಮಾತರಂಗೂ ಅಷ್ಟೇ ಗೌರವ. ಮತಕ್ಕೆ ಹಾಕಲಿಲ್ಲ, ನಿರ್ಣಯವೂ ಇಲ್ಲ. ಹೇಳಿಕೆ ಓದಿದ್ದಷ್ಟೇ.

ಅಂದರೆ ಹೊರಗಿನ ವೇದಿಕೆಯೊಂದು ಕೇಳಿದಾಗ ನಮ್ಮ ದೇಶ ತನ್ನ ಹಾಡನ್ನ ಆರಿಸಿಕೊಂಡದ್ದು ಹೀಗೆ. ಇದರಲ್ಲಿ ತಪ್ಪು ಹುಡುಕೋಕೆ ನಾನು ಹೋಗಲ್ಲ. ಆ ಹಾಡು 1911ರಲ್ಲೇ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಹಾಡಿದ್ದು, ಜನರ ಬಾಯಲ್ಲಿ ಇದ್ದದ್ದು. ಆದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಹಾಡನ್ನ ಯಾರು ಆರಿಸಿದರು ಅನ್ನೋ ಪ್ರಶ್ನೆಗೆ ದೊಡ್ಡ ದೇಶಗಳಲ್ಲೂ ನೇರವಾದ ಉತ್ತರ ಸಿಗೋದು ಕಡಿಮೆ.

ಈಗ ನಮ್ಮ ಕಡೆ ಬರೋಣ. ಹಿರೇಕೆರೂರು ತಾಲೂಕಿನ ಸಾತೇನಹಳ್ಳಿ. ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಮೂರೂ ಹನುಮಪ್ಪನ ದರ್ಶನ ಒಂದೇ ದಿನ ಮಾಡಬೇಕು ಅಂತ ಇವತ್ತಿಗೂ ಜನ ಗಾಡಿ ಮಾಡಿಕೊಂಡು ಓಡಾಡ್ತಾರೆ. ಆ ಶಾಂತೇಶನ ಊರಲ್ಲಿ 1856ರಲ್ಲಿ ಹುಟ್ಟಿದವರು ಸಕ್ಕರಿ ಬಾಳಾಚಾರ್ಯರು. ಊರ ದೇವರ ಹೆಸರನ್ನೇ ಇಟ್ಟುಕೊಂಡು ಶಾಂತಕವಿ ಆದರು. ಗದಗಿನಲ್ಲಿ ಶಾಲೆ ಮಾಸ್ತರಿಕೆ. ಆ ಕಾಲಕ್ಕೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ ಅಂದರೆ ಏನು ಗೊತ್ತಾ? ಮನೇಲಿ ಕನ್ನಡ, ಕಚೇರೀಲಿ ಮರಾಠಿ ನೆರಳು, ನಾಟಕ ಅಂದರೆ ಸಾಂಗ್ಲಿ ಕಡೆಯಿಂದ ಬಂದ ಮರಾಠಿ ಕಂಪನಿ. ಕನ್ನಡದಲ್ಲಿ ನಾಟಕ ಯಾಕಿಲ್ಲ ಅಂತ ಹಟಕ್ಕೆ ಬಿದ್ದು ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದವರು ಈ ಮಾಸ್ತರರು. ನಾಟಕದ ಜೊತೆಗೆ ಹಾಡು ಬಂತು. ಕರ್ನಾಟಕ ದೇವಿಯೇ, ನಮ್ಮನ್ನ ಕಾಪಾಡು ಅಂತ ಮೊರೆಯಿಡೋ ಹಾಡು, ‘ರಕ್ಷಿಸು ಕರ್ನಾಟಕ ದೇವಿ’.

ಸ್ವಲ್ಪ ಯೋಚನೆ ಮಾಡಿ. ಆಗ ಕರ್ನಾಟಕ ಅನ್ನೋದು ನಕಾಶೆಯಲ್ಲೇ ಇಲ್ಲ. ಇಲ್ಲದ ರಾಜ್ಯಕ್ಕೊಬ್ಬಳು ದೇವಿ, ಆ ದೇವಿಗೊಂದು ಹಾಡು! ಅದೇ ಹೊತ್ತಿಗೆ ತುಂಗಭದ್ರೆಯ ಆಚೆ ಮೈಸೂರು ಸಂಸ್ಥಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀ ಗೌರಿ’ ಅರಮನೆಯ ಗೀತೆಯಾಗಿ ಮೊಳಗುತ್ತಿತ್ತು. ಅದು ಮಹಾರಾಜರಿಗಾಗಿ ಹಾಡಿದ್ದು. ಅರಮನೆಯ ಬ್ಯಾಂಡ್ ಇತ್ತು, ದರ್ಬಾರು ಇತ್ತು, ಆರಿಸೋದಕ್ಕೆ ಪ್ರಭು ಇದ್ದರು. ಹಾನಗಲ್ಲು, ಹಿರೇಕೆರೂರು ಜನಕ್ಕೆ ಇದ್ದ ಪ್ರಭು ಬಾಂಬೆಯ ಗವರ್ನರ್ ಸಾಹೇಬ. ಸವಣೂರಿನವರಿಗೆ ತಮ್ಮದೇ ನವಾಬರು. ಹಾಡಬೇಕಾದರೆ ಇವರೇ ಬರೀಬೇಕು, ಇವರೇ ಹಾಡಬೇಕು, ಇವರೇ ಒಪ್ಪಬೇಕು. ಹಾಡಿನ ವಿಷಯದಲ್ಲಿ ಮುಂಬಯಿ ಕರ್ನಾಟಕಕ್ಕೂ ಹಳೇ ಮೈಸೂರಿಗೂ ಇರೋ ವ್ಯತ್ಯಾಸ ಶುರುವಾಗೋದು ಇಲ್ಲೇ ಅಂತ ನನ್ನ ಲೆಕ್ಕ.

ಶಾಂತಕವಿಗಳು 1920ರಲ್ಲಿ ತೀರಿಕೊಂಡರು. ನಾಲ್ಕೇ ವರ್ಷಕ್ಕೆ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. 1924ರ ಡಿಸೆಂಬರ್. ಗಂಗಾಧರರಾವ್ ದೇಶಪಾಂಡೆಯವರ ಉಸ್ತುವಾರಿ. ಅಧಿವೇಶನದ ಜಾಗಕ್ಕೆ ವಿಜಯನಗರ ಅಂತ ಹೆಸರಿಟ್ಟರು. ಮರಾಠಿ, ಕನ್ನಡ ಎರಡೂ ಕಿವಿಗೆ ಬೀಳೋ ಊರಲ್ಲಿ ಆ ಹೆಸರು ಇಡೋದು ಸಣ್ಣ ವಿಷಯ ಅಲ್ಲ ಬಿಡಿ. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಸಮ್ಮೇಳನವೂ ಸೇರಿತು. ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಜನರ ಮುಂದೆ ಬಂದದ್ದು ಅಲ್ಲಿ.

ಆ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದವರಲ್ಲಿ 11 ವರ್ಷದ ಹುಡುಗಿಯೊಬ್ಬಳಿದ್ದಳು. ಧಾರವಾಡದಲ್ಲಿ ಹುಟ್ಟಿದ ಗಾಂಧಾರಿ. ಮುಂದೆ ಜಗತ್ತೇ ಅವರನ್ನ ಗಂಗೂಬಾಯಿ ಹಾನಗಲ್ ಅಂತ ಕರೀತು. ಕಿರಾಣಾ ಘರಾಣೆಯ ಆ ಗಂಡುದನಿಯಂಥ ಕಂಠದ ಜೊತೆ ನಮ್ಮ ಹಾನಗಲ್ಲಿನ ಹೆಸರೂ ದೇಶವಿದೇಶ ಸುತ್ತಿತು. ಹಾನಗಲ್ ತಾಲೂಕಿನ ಮಣ್ಣೇ ಹಂಗೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ ಇರೋದೂ ಅಲ್ಲೇ. ಕಣ್ಣಿಲ್ಲದ ಆ ಹುಡುಗನ ಕಂಠ ಕೇಳಿ ಸಂಗೀತಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಕಥೆ ಇನ್ನೊಂದು ದಿನಕ್ಕಿರಲಿ, ಶುರು ಮಾಡಿದರೆ ನಾಡಗೀತೆ ಇಲ್ಲೇ ನಿಂತುಬಿಡುತ್ತೆ.

1924ರಿಂದ 1956ರವರೆಗೆ ಹುಯಿಲಗೋಳರ ಹಾಡು ಓಡಾಡದ ಊರಿಲ್ಲ. ಪ್ರಭಾತಫೇರಿಯಲ್ಲಿ, ಶಾಲೆಯಲ್ಲಿ, ಏಕೀಕರಣದ ಸಭೆಗಳಲ್ಲಿ. ಯಾರೂ ಗೊತ್ತುವಳಿ ಮಾಡಲಿಲ್ಲ. ಇಷ್ಟೇ ನಿಮಿಷದಲ್ಲಿ ಮುಗಿಸಿ ಅಂತ ಯಾರೂ ಹೇಳಲಿಲ್ಲ. ರಾಜ್ಯ ಉದಯ ಆದ ದಿನ ಉದಯವಾಗಲಿ ಅಂತಲೇ ಹಾಡಿದರು.

ಆಮೇಲೆ ಏನಾಯ್ತು?

ಇಲ್ಲಿ ನನ್ನದೊಂದು ಅನಿಸಿಕೆ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಹುಯಿಲಗೋಳರ ಹಾಡು ಬಯಕೆಯ ಹಾಡು. ನಾಡು ಇನ್ನೂ ಹುಟ್ಟಬೇಕು ಅನ್ನೋರ ಹಾಡು. ಹುಟ್ಟಿದ ಮೇಲೆ ಸರ್ಕಾರಕ್ಕೆ ಅದು ಒಂಚೂರು ಮುಜುಗರ. ವಿಧಾನಸೌಧ ಕಟ್ಟಿಸಿಕೊಂಡು ಕೂತವರು ‘ಉದಯವಾಗಲಿ’ ಅಂದರೆ, ಯಾಕ್ರೀ, ಇನ್ನೂ ಆಗಿಲ್ವಾ ಅಂತ ಯಾರಾದರೂ ಕೇಳ್ತಾರಲ್ಲ! ರಾಜ್ಯಕ್ಕೆ ಜಯ ಅನ್ನೋ ಹಾಡು ಬೇಕಾಗಿತ್ತು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಭಾರತ ತಾಯಿ, ಕರ್ನಾಟಕ ಅವಳ ಮಗಳು. ಕೂಡಿ ಬಾಳೋ ಒಕ್ಕೂಟದ ಕಲ್ಪನೆ. ಇಷ್ಟು ಚೆಂದದ ಕಲ್ಪನೆ ಬೇರೆ ರಾಜ್ಯಗೀತೆಗಳಲ್ಲಿ ಸಿಗೋದು ಅಪರೂಪ, ಅದರಲ್ಲಿ ನನಗೆ ಎರಡು ಮಾತಿಲ್ಲ. 2004ರ ಜನವರಿ 6ರಂದು ಅದು ಅಧಿಕೃತ ನಾಡಗೀತೆ ಆಯ್ತು.

ಕವಿ ತೀರಿಕೊಂಡು ಆಗಲೇ ಒಂಬತ್ತು ವರ್ಷ ದಾಟಿತ್ತು. ಕುವೆಂಪು ಹೋದದ್ದು 1994ರ ನವೆಂಬರ್‌ನಲ್ಲಿ. ಕೇಳೋಕೆ ಕವಿ ಇಲ್ಲ, ಸರಿ, ಜಗಳ ಶುರು. ಮಧ್ವಾಚಾರ್ಯರ ಹೆಸರು ಯಾಕಿಲ್ಲ ಅನ್ನೋ ತಕರಾರು ಎದ್ದಿತು, ಹೆಸರು ಸೇರಿತು. ಹಾವೇರಿ ಕಡೆಯವರು ಕೇಳೋದಾದರೆ ಅವರಿಗೂ ಪಟ್ಟಿ ಇದೆ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಹಾಡಿನಲ್ಲಿಲ್ಲ. ಅದೇ ತಾಲೂಕಿನ ಶಿಶುನಾಳದ ಶರೀಫರಿಲ್ಲ. ಸರ್ವಜ್ಞನಿಲ್ಲ. ಹೊಳೆಗಳಲ್ಲಿ ಕೃಷ್ಣೆ, ಶರಾವತಿ, ತುಂಗೆ, ಕಾವೇರಿ ಇದ್ದಾರೆ, ನಮ್ಮ ವರದೆ ಇಲ್ಲ. ಕೇಳ್ತಾ ಹೋದರೆ ಎರಡೂವರೆ ನಿಮಿಷ ಅಲ್ಲ, ಎರಡೂವರೆ ತಾಸು ಹಾಡಬೇಕಾಗುತ್ತೆ! ಕವಿತೆ ಅಂದರೆ ಮತದಾರರ ಪಟ್ಟಿ ಅಲ್ಲವಲ್ಲ, ಇರಲಿ.

ಸಾಹಿತ್ಯದ ಜಗಳ ತಣ್ಣಗಾಗೋ ಹೊತ್ತಿಗೆ ಧಾಟಿಯ ಜಗಳ ಹೊತ್ತಿಕೊಂಡಿತು. ಅದು ಆರೋಕೆ ಹೆಚ್ಚುಕಮ್ಮಿ 20 ವರ್ಷ ಹಿಡೀತು.

ಒಂದು ಕಡೆ ಮೈಸೂರು ಅನಂತಸ್ವಾಮಿ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ದ ಧ್ವನಿಸುರುಳಿ ಬಂದಾಗ ಭಾವಗೀತೆಯನ್ನ ಮನೆಮನೆಯ ಟೇಪ್ ರೆಕಾರ್ಡರಿಗೆ ಮುಟ್ಟಿಸಿದವರು. ಇನ್ನೊಂದು ಕಡೆ ಸಿ. ಅಶ್ವತ್ಥ್. ಚನ್ನರಾಯಪಟ್ಟಣದವರು, ಐಟಿಐ ಕಾರ್ಖಾನೆಯ ನೌಕರಿ ಮಾಡ್ತಾ ಮಾಡ್ತಾ ಕನ್ನಡದ ದೊಡ್ಡ ಗಂಟಲಾದವರು. ಇಬ್ಬರೂ ಕುವೆಂಪು ಹಾಡಿಗೆ ರಾಗ ಹಾಕಿದ್ದರು. ಎರಡೂ ಧಾಟಿ ರಾಜ್ಯದಲ್ಲಿ ಓಡ್ತಾ ಇದ್ದವು. ಒಂದು ಸಮಾರಂಭದಲ್ಲಿ ಇದು, ಇನ್ನೊಂದರಲ್ಲಿ ಅದು. ಕೆಲವೊಮ್ಮೆ ವೇದಿಕೆ ಮೇಲೆ ಒಂದು, ಸಭಿಕರ ಬಾಯಲ್ಲಿ ಇನ್ನೊಂದು! ಎಷ್ಟು ಹೊತ್ತು ಹಾಡಬೇಕು ಅನ್ನೋದಕ್ಕೂ ಲೆಕ್ಕ ಇರಲಿಲ್ಲ. ಆಲಾಪ, ಮತ್ತೆ ಮತ್ತೆ ಪಲ್ಲವಿ. ಬಿಸಿಲಲ್ಲಿ ನಿಂತ ಮಕ್ಕಳು, ಮಂಡಿನೋವಿನ ಹಿರಿಯರು ಅಷ್ಟೂ ಹೊತ್ತು ನಿಂತೇ ಇರಬೇಕು.

ಈ ಸಮಯದ ತಾಪತ್ರಯ ನಮಗೊಬ್ಬರಿಗೇ ಅಂದುಕೋಬೇಡಿ. ಯುರೋವಿಷನ್‌ನಲ್ಲಿ 1957ರಲ್ಲಿ ಇಟಲಿಯವರು ಐದು ನಿಮಿಷ ದಾಟಿದ ಹಾಡು ತಂದಿದ್ದರು. ಕೊನೆಗೆ ಅಲ್ಲೂ ನಿಯಮ ಗಟ್ಟಿ ಆಯ್ತು, ಮೂರು ನಿಮಿಷಕ್ಕಿಂತ ಹೆಚ್ಚು ಹಾಡಂಗಿಲ್ಲ. ಇವತ್ತಿಗೂ ಅದೇ ನಿಯಮ.

ನಮ್ಮಲ್ಲೂ ಸಮಿತಿಗಳು ಆದವು. ಹಾರ್ಮೋನಿಯಂ ವಿದ್ವಾಂಸ ವಸಂತ ಕನಕಾಪುರ ಅವರದು ಒಂದು. 2021ರಲ್ಲಿ ವಿದುಷಿ ಎಚ್.ಆರ್. ಲೀಲಾವತಿಯವರ ಅಧ್ಯಕ್ಷತೆಯಲ್ಲಿ ಇನ್ನೊಂದು. ಶಿಫಾರಸು ಅನಂತಸ್ವಾಮಿಯವರ ಧಾಟಿಯ ಕಡೆ ವಾಲಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಆದೇಶ ಬಂತು. ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಇಲ್ಲ, ಪುನರಾವರ್ತನೆ ಇಲ್ಲ. ಆಗ ಮುಖ್ಯಮಂತ್ರಿ ಯಾರು? ಬಸವರಾಜ ಬೊಮ್ಮಾಯಿ. ಕ್ಷೇತ್ರ ಯಾವುದು? ಶಿಗ್ಗಾವಿ! ಶಿಗ್ಗಾವಿ ಜೊತೆ ಸವಣೂರಿನ ಜನರೂ ವೋಟು ಹಾಕೋ ಕ್ಷೇತ್ರ ಅದು.

ಈಗ ನೋಡಿ ತಮಾಷೆ. ಅಖಾಡದಲ್ಲಿ ಇದ್ದದ್ದು ಇಬ್ಬರು. ಒಬ್ಬರು ಮೈಸೂರಿನವರು, ಇನ್ನೊಬ್ಬರು ಹಾಸನ ಜಿಲ್ಲೆಯವರು. ಕವಿ ಮಲೆನಾಡಿನವರು. ಮೂವರೂ ಹಳೇ ಮೈಸೂರು ರಾಜ್ಯದವರೇ. ತೀರ್ಪಿಗೆ ಮೊಹರು ಬಿದ್ದದ್ದು ಮಾತ್ರ ಮುಂಬಯಿ ಕರ್ನಾಟಕದ ಶಾಸಕರ ಕಾಲದಲ್ಲಿ. 32 ವರ್ಷ ಏಕೀಕರಣಕ್ಕಾಗಿ ಹಾಡಿದವರ ಹಾಡು ಆ ಅಖಾಡದಲ್ಲೇ ಇರಲಿಲ್ಲ. ಯಾರೂ ಅದನ್ನ ಸೋಲಿಸಲಿಲ್ಲ, ಅದು ಸ್ಪರ್ಧೆಗೇ ಬರಲಿಲ್ಲ. ಇದು ಪಕ್ಷಪಾತ ಅಂತ ನಾನು ಕೂಗೋದಿಲ್ಲ. ಆದರೆ ಹುಬ್ಬಳ್ಳಿಯಿಂದ ಆಚೆ ಕೂತವರಿಗೆ ಇದು ಹೇಗೆ ಕಾಣುತ್ತೆ ಅಂತ ಬೆಂಗಳೂರಿನವರು ಒಮ್ಮೆ ಯೋಚನೆ ಮಾಡಬೇಕು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಬರೆದುಕೊಟ್ಟಿತು. ಹಿಂದುಳಿಯೋದು ರಸ್ತೆ, ನೀರು, ಆಸ್ಪತ್ರೆಯಲ್ಲಿ ಮಾತ್ರ ಅಂತ ನಾವು ಅಂದುಕೊಂಡಿದ್ದೀವಿ. ಹಾಡಿನಲ್ಲೂ ಹಿಂದೆ ಬಿದ್ದ ಹಾಗೆ ಅನಿಸಿದರೆ ಆ ಜನರನ್ನ ದೂರೋ ಹಾಗಿಲ್ಲ.

ಶಿಗ್ಗಾವಿಯ ಸಂಗತಿ ಇನ್ನೂ ಸೂಕ್ಷ್ಮ. ಸೋತ ಧಾಟಿ ಯಾರದ್ದು? ಅಶ್ವತ್ಥ್ ಅವರದು. ಅಶ್ವತ್ಥ್ ಯಾರ ಹಾಡು ಹಾಡಿ ಅಶ್ವತ್ಥ್ ಆದರು? ಶಿಶುನಾಳ ಶರೀಫರ ತತ್ವಪದ! 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ, ಕೆಲಕಾಲ ಶಾಲೆ ಮಾಸ್ತರನಾಗಿ, 1889ರಲ್ಲಿ ತೀರಿಕೊಂಡ ಸಂತ. ಅವರು ಪುಸ್ತಕ ಅಚ್ಚು ಹಾಕಿಸಿದವರಲ್ಲ. ಅವರ ಹಾಡನ್ನ ಉಳಿಸಿದ್ದು ಭಜನಾ ಮೇಳಗಳು. ಏಕತಾರಿ, ತಾಳ, ದಮ್ಮಡಿ ಹಿಡಿದು ಅಮಾವಾಸ್ಯೆ ರಾತ್ರಿ ಬೆಳತನಕ ಕೂತ ರೈತರು, ಕೂಲಿಕಾರರು. ಯಾವ ಪದ ಉಳೀಬೇಕು, ಯಾವುದು ಮರೆತುಹೋಗಬೇಕು ಅಂತ ನೂರು ವರ್ಷ ಆರಿಸ್ತಾ ಬಂದವರು ಅವರು. ಅದನ್ನ ಬೆಂಗಳೂರಿಗೆ, ಮೈಸೂರಿಗೆ, ಅಮೆರಿಕಕ್ಕೆ ಮುಟ್ಟಿಸಿದ್ದು ಅಶ್ವತ್ಥ್. 1990ರಲ್ಲಿ ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ತೆಗೆದರು. ಸಂಗೀತ ಅಶ್ವತ್ಥ್, ಕಂಠವೂ ಅವರದೇ. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಅಂತ ಅವರು ಹಾಡಿಸಿದಾಗ ಸೇರಿದ ಜನಸಾಗರ, ಭಾವಗೀತೆಗೆ ಅಷ್ಟು ಜನ ಬರ್ತಾರಾ ಅಂತ ನಮ್ಮ ಮಾಧ್ಯಮದವರೇ ಬಾಯಿ ಬಿಟ್ಟುಕೊಂಡು ನೋಡಿದ್ವಿ. ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ 70ನೇ ಹುಟ್ಟುಹಬ್ಬದ ದಿನವೇ, ಹೋದರು. ಅನಂತಸ್ವಾಮಿ ಹೋದದ್ದು 1995ರಲ್ಲಿ. ಅಂದರೆ ಆದೇಶ ಬರೋ ಹೊತ್ತಿಗೆ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಶರೀಫರ ತಾಲೂಕಿನ ಶಾಸಕರ ಸರ್ಕಾರ, ಶರೀಫರನ್ನ ಹಾಡಿದವರ ಧಾಟಿಯನ್ನ ಕೈಬಿಟ್ಟಿತು. ಕಥೆಗಾರ ಬರೆದಿದ್ದರೆ, ಇದು ಸ್ವಲ್ಪ ಜಾಸ್ತಿ ಆಯ್ತು ಕಣಯ್ಯ ಅಂತಿದ್ವಿ.

ಜಗಳ ಅಲ್ಲಿಗೂ ನಿಲ್ಲಲಿಲ್ಲ. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. ಅಶ್ವತ್ಥ್ ಧಾಟಿಯೇ ಇರಬೇಕು ಅನ್ನೋ ವಾದ. ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಪೀಠದ ಮುಂದೆ ಕಿಕ್ಕೇರಿ ಹಾಡಿ ತೋರಿಸಿದರು. ಕೋರ್ಟ್ ಹಾಲ್‌ನಲ್ಲಿ ನಾಡಗೀತೆ! ನನ್ನ ಮಟ್ಟಿಗೆ ಈ ಇಡೀ 20 ವರ್ಷದ ಜಗಳದಲ್ಲಿ ಅತ್ಯಂತ ಸರಿಯಾದ ದೃಶ್ಯ ಅದೇ. ಹಾಡಿನ ತಕರಾರನ್ನ ಹಾಡಿಸಿ ಕೇಳಬೇಕು ತಾನೆ? ಫೈಲ್‌ನಲ್ಲಿ ಓದಿ ತೀರ್ಮಾನ ಮಾಡೋಕೆ ಅದೇನು ಟೆಂಡರಾ? 2024ರಲ್ಲಿ ಅರ್ಜಿ ವಜಾ ಆಯ್ತು, ಸರ್ಕಾರದ ಆದೇಶ ನಿಂತಿತು.

ಹಾಗಾದರೆ ಸಮಿತಿ ಅನ್ನೋದೇ ತಪ್ಪಾ? ಹಾಗೆ ಹೇಳಿದರೆ ಸವಣೂರಿನವರು ನನ್ನನ್ನ ಬಿಡಲ್ಲ. ಸವಣೂರು ಅಂದರೆ ಖಾರಾ ಮತ್ತು ವೀಳ್ಯದೆಲೆ ಅಷ್ಟೇ ಅಂದುಕೊಂಡಿದ್ದರೆ ತಿದ್ದಿಕೊಳ್ಳಿ. 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಅಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಓದಿ ಬಂದ ಆ ಮನುಷ್ಯನ ಹೆಸರು ಕನ್ನಡದ ಅತಿ ದೊಡ್ಡ ಚಳವಳಿಗೆ ಅಂಟಿಕೊಂಡಿತು. ಪ್ರೌಢಶಾಲೆಯಲ್ಲಿ ಮೊದಲ ಭಾಷೆ ಯಾವುದಿರಬೇಕು? 1980ರಲ್ಲಿ ಸರ್ಕಾರ ಸಮಿತಿ ಮಾಡಿತು, ಗೋಕಾಕರು ಅಧ್ಯಕ್ಷರು. 1981ರ ಜನವರಿಯಲ್ಲಿ ವರದಿ ಕೊಟ್ಟರು. ಕನ್ನಡವೇ ಪ್ರಥಮ ಭಾಷೆ, ಅದಕ್ಕೆ 150 ಅಂಕ. ಸರ್ಕಾರ ಅನುಮಾನ ಮಾಡಿತು, ಮೀನಮೇಷ ಎಣಿಸಿತು. ಜನ ಬಿಡಲಿಲ್ಲ. ಧಾರವಾಡದ ಸಾಹಿತಿಗಳು ಧರಣಿ ಕೂತರು, 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದರು, ಆಮೇಲೆ ಆದದ್ದು ಇತಿಹಾಸ.

ಅದೂ ಸಮಿತಿಯೇ, ಇದೂ ಸಮಿತಿಯೇ. ವ್ಯತ್ಯಾಸ ಎಲ್ಲಿದೆ? ಗೋಕಾಕ್ ವರದಿಯಲ್ಲಿ ಏನಿದೆ ಅಂತ ಹಳ್ಳಿಯ ಚಹಾದಂಗಡಿಯಲ್ಲಿ ಚರ್ಚೆ ಆಗ್ತಿತ್ತು. ಬೇಕು ಅನ್ನೋರು, ಬೇಡ ಅನ್ನೋರು, ಇಬ್ಬರಿಗೂ ಕಾರಣ ಗೊತ್ತಿತ್ತು. ನಾಡಗೀತೆಯ ಧಾಟಿಗೆ ಅನಂತಸ್ವಾಮಿಯವರದು ಯಾಕೆ, ಅಶ್ವತ್ಥ್ ಅವರದು ಯಾಕೆ ಬೇಡ, ಹಿರೇಕೆರೂರಿನ ಚಹಾದಂಗಡಿಯಲ್ಲಿ ಕೇಳಿ ನೋಡಿ. ಯಾರ ಹತ್ರವೂ ಉತ್ತರ ಇಲ್ಲ. ಸಂಗೀತ ಬಲ್ಲವರು ಕೊಡೋ ಕಾರಣ ಗಟ್ಟಿಯಾದದ್ದೇ ಇರಬಹುದು. ಅನಂತಸ್ವಾಮಿ ಧಾಟಿ ಸರಳ, ಗುಂಪಿನಲ್ಲಿ ಹಾಡೋಕೆ ಸಲೀಸು, ನನಗೂ ಹಾಗೇ ಅನಿಸುತ್ತೆ. ಶ್ರುತಿಯೇ ಹಿಡಿಯಲಾಗದ ನನ್ನಂಥವನೂ ಅದನ್ನ ಹೇಗೋ ಹಾಡಿ ಮುಗಿಸ್ತೀನಿ. ಹಾಗಿದ್ದರೆ ಎರಡೂ ಧಾಟಿಯನ್ನ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ನಾಲ್ಕೂ ವಿಭಾಗದಲ್ಲಿ ಶಾಲಾ ಮಕ್ಕಳಿಂದಲೇ ಜನರ ಮುಂದೆ ಹಾಡಿಸಬಹುದಿತ್ತು. ಹಾಡೋರು ಯಾರು? ಮಕ್ಕಳು. ದಿನಾ ಬೆಳಗ್ಗೆ ಪ್ರಾರ್ಥನೆಗೆ ನಿಲ್ಲೋರು ಅವರು.

ಯುರೋಪಿನವರು ಈ ಪಾಠ ಕಲಿತದ್ದು ನಿಧಾನಕ್ಕೆ. ದೇಶದ ಹಾಡು ಆರಿಸೋದು ಅಲ್ಲಿ ಆ ದೇಶದ ಟಿವಿ ಸಂಸ್ಥೆಯ ಕೆಲಸ. ಇಟಲಿಯಲ್ಲಿ 1951ರಿಂದ ಸ್ಯಾನ್ರೆಮೊ ಹಾಡಿನ ಹಬ್ಬ ಇದೆ, ಯುರೋವಿಷನ್‌ಗೂ ಅಲ್ಲಿಂದಲೇ ಆಯ್ಕೆ ಮಾಡೋ ರೂಢಿ ಬೆಳೀತು. ಸ್ವೀಡನ್‌ನಲ್ಲಿ ವಾರಗಟ್ಟಲೆ ಟಿವಿಯಲ್ಲಿ ಸ್ಪರ್ಧೆ ನಡೆದು ಜನ ವೋಟು ಹಾಕ್ತಾರೆ. ಇಂಗ್ಲೆಂಡಿನ ಬಿಬಿಸಿ ಕೆಲವು ವರ್ಷ ಜನರನ್ನ ಕೇಳಿತು, ಕೆಲವು ವರ್ಷ ತಾನೇ ಆರಿಸಿತು. ದೊಡ್ಡ ಸ್ಪರ್ಧೆಯಲ್ಲಿ ಜನರ ದೂರವಾಣಿ ವೋಟು ಬಂದದ್ದು 1997ರಲ್ಲಿ, ಅದೂ ಐದೇ ದೇಶದಲ್ಲಿ. ಬರೀ ಜನರ ವೋಟಾದರೆ ನೆರೆಹೊರೆಯವರೇ ಒಬ್ಬರಿಗೊಬ್ಬರು ಹಾಕಿಕೊಳ್ತಾರೆ ಅನ್ನೋ ಗೊಣಗಾಟ ಎದ್ದಿತು. 2009ರ ಹೊತ್ತಿಗೆ ತೀರ್ಪುಗಾರರು ವಾಪಸ್ ಬಂದರು. ಅರ್ಧ ಜನರದು, ಅರ್ಧ ಬಲ್ಲವರದು. ನಮ್ಮ ಕನ್ನಡ ಚಾನೆಲ್‌ಗಳ ಹಾಡಿನ ಶೋಗಳಲ್ಲಿ ಎಸ್ಸೆಮ್ಮೆಸ್ ಕಳಿಸಿ ಕಳಿಸಿ ನಿಮಗೂ ಅಭ್ಯಾಸ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ನಾಡಗೀತೆಗೆ ಎಸ್ಸೆಮ್ಮೆಸ್ ಕಳಿಸಿ ಅಂತ ನಾನು ಹೇಳ್ತಾ ಇಲ್ಲ, ಹಾಗೆ ಮಾಡಿದರೆ ಟಿಆರ್‌ಪಿ ನಮಗೆ, ಮಾನ ನಾಡಿಗೆ ಹೋಗುತ್ತೆ. ಅಂಕಪಟ್ಟಿ ಮುಚ್ಚಿಟ್ಟುಕೊಂಡ ಲುಗಾನೊದಿಂದ ಅವರು ಎಷ್ಟು ದೂರ ಬಂದರು ಅಂತ ನೋಡಿ ಅಂತಿದ್ದೀನಿ ಅಷ್ಟೇ.

2023ರ ಜನವರಿ 6ರಿಂದ ಮೂರು ದಿನ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯ್ತು. ದೊಡ್ಡರಂಗೇಗೌಡರು ಅಧ್ಯಕ್ಷರು. ಜನವರಿ 6 ಅಂದರೆ ನಾಡಗೀತೆ ಘೋಷಣೆ ಆದ ತಾರೀಕು, ಅದನ್ನ ನೆನಪು ಮಾಡಿಕೊಂಡವರು ನನಗಂತೂ ಸಿಗಲಿಲ್ಲ. ಊಟದ ಸಾಲಿನಲ್ಲಿ ನನ್ನ ಹಿಂದೆ ಹಿರೇಕೆರೂರು ಕಡೆಯ ನಿವೃತ್ತ ಮಾಸ್ತರರೊಬ್ಬರು ನಿಂತಿದ್ದರು. ಟಿವಿ ಮುಖ ನೋಡಿ ಗುರುತು ಹಿಡಿದು ಮಾತಿಗೆಳೆದರು. ಧಾಟಿಯ ಆದೇಶ ಬಂದು ಮೂರೂವರೆ ತಿಂಗಳಾಗಿತ್ತಷ್ಟೇ, ನಾನೂ ಅದನ್ನೇ ಕೇಳಿದೆ.

‘ಮಾಸ್ತರ್ರೇ, ನಿಮ್ಮ ಶಾಲೇಲಿ ಯಾವ ಧಾಟಿ ಹಾಡ್ತಿದ್ರಿ?’

‘ನಾವು ಟೇಪಿನ್ಯಾಗ ಕೇಳಿದ್ದು ಅಶ್ವತ್ಥರದು ನೋಡ್ರಿ ಸರ್, ಅದನ್ನ ಕಲಿಸಿದ್ವಿ. ಈಗ ಬಂದ ಮಾಸ್ತರು ಮೊಬೈಲ್‌ನ್ಯಾಗ ಹೊಸಾದು ಕಲಸಾಕತ್ಯಾರ. ಹುಡುಗ್ರಿಗೇನ್ರಿ, ಎರಡು ದಿನಕ್ಕ ಕಲೀತಾವ. ನಮಗ ತ್ರಾಸು.’

‘ಮತ್ತೆ ಉದಯವಾಗಲಿ?’

ಮಾಸ್ತರರು ನನ್ನನ್ನ ಒಂದು ಥರಾ ನೋಡಿದರು, ಇದೇನು ಕೇಳೋ ಮಾತಾ ಅನ್ನೋ ಹಾಗೆ.

‘ಅದನ್ನ ಯಾರ್ ಕಲಸ್ಬೇಕ್ರಿ? ನಮ್ಮಪ್ಪ ಹಾಡ್ತಿದ್ದ, ನಾ ಹಾಡಿದ್ಯಾ. ಶಾಂತಕವಿಗಳ ಊರಿನ ಸನೇಕ ಹುಟ್ಟಿದವರು ನಾವು. ನವೆಂಬರ್ ಒಂದಕ್ಕ ನಾಡಗೀತೆ ಮುಗದ ಮ್ಯಾಲ ಅದನ್ನೂ ಹಾಡ್ತಾರ. ಅದಕ್ಕ ಯಾರೂ ಟೈಮ್ ಹಚ್ಚಿಲ್ಲಲ್ರಿ ಇನ್ನೂ.’

ಅಷ್ಟರಲ್ಲಿ ಸಾಲು ಮುಂದೆ ಸರಿದು ತಾಟಿಗೆ ರೊಟ್ಟಿ ಬಿತ್ತು. ಮಾಸ್ತರರು ಮಾತು ಅಲ್ಲಿಗೇ ಬಿಟ್ಟು, ಎಣಗಾಯಿ ಪಲ್ಯ ಇನ್ನಷ್ಟು ಹಾಕಪ್ಪ ತಮ್ಮಾ ಅಂತ ಬಡಿಸೋ ಹುಡುಗನ ಕಡೆ ತಿರುಗಿದರು.